ಮಿದುಳಿನ ಮಯೆಲಿನ್ ಮತ್ತೆ ಬೆಳೆಯುತ್ತದಾ? ಸ್ಟೆಮ್ ಸೆಲ್ ಬಗ್ಗೆ ಕಲಬುರಗಿಯಲ್ಲಿ ಆಡಿದ ಮಾತು

(ಕಲಬುರಗಿಯಲ್ಲಿ ಸಾರ್ವಜನಿಕರಿಗಾಗಿ ಮಾಡಿದ ಉಪನ್ಯಾಸದ ಬರಹ ರೂಪ ಇದು. ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಕೊನೆಯಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವ ಹಲವರ ಮನಸ್ಸಿನಲ್ಲಿ ಒಂದೇ ಪ್ರಶ್ನೆ ಇದೆ ಅಂತ ನನಗೆ ಗೊತ್ತು. ನರರೋಗದ ವೈದ್ಯನಾದ ನನ್ನ ಹತ್ತಿರ ಬರುವವರೂ ಅದನ್ನೇ ಕೇಳುತ್ತಾರೆ. "ಸಾಹೇಬ್ರ, ಸ್ಟೆಮ್ ಸೆಲ್ ಹಾಕಿಸಿದ್ರ ನಮ್ಮ ಹುಡುಗ ನಡೀತಾನೇನ್ರೀ?" ಆಳಂದ, ಚಿಂಚೋಳಿ, ಸುರಪುರ ಕಡೆಯಿಂದ ಬಂದಿರುತ್ತಾರೆ. ಕೈಯಲ್ಲಿ ಎಂ.ಆರ್.ಐ. ಫಿಲ್ಮ್ ಇರುತ್ತದೆ, ಮೊಬೈಲಿನಲ್ಲಿ ಯಾರೋ ಕಳಿಸಿದ ವಿಡಿಯೊ ಇರುತ್ತದೆ. ಸೋಲಾಪುರ, ಹೈದರಾಬಾದ್ ಎರಡೂ ತಿರುಗಿ ಆಗಿರುತ್ತದೆ. ಮನೆಯಲ್ಲಿ ಹೊಲ ಮಾರುವ ಮಾತು ಶುರುವಾಗಿರುತ್ತದೆ.

ಸ್ಟೆಮ್ ಸೆಲ್ ಅಂದರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶ. ಈ ಪ್ರಶ್ನೆಗೆ ಹೌದು, ಇಲ್ಲ ಅಂತ ಒಂದೇ ಮಾತಿನಲ್ಲಿ ಉತ್ತರ ಕೊಡಲು ಬರುವುದಿಲ್ಲ. ಕೆಲವು ಕಾಯಿಲೆಗಳಲ್ಲಿ ಸ್ಟೆಮ್ ಸೆಲ್ ಕಸಿ ಮಗುವಿನ ಜೀವ ಉಳಿಸುತ್ತದೆ. ಕೆಲವು ಕಾಯಿಲೆಗಳಲ್ಲಿ ಅದು ಇನ್ನೂ ಪ್ರಯೋಗದ ಹಂತದಲ್ಲಿದೆ. ಉಳಿದ ಕಡೆ ಅದನ್ನು ಬರೀ ದುಡ್ಡಿಗಾಗಿ ಮಾರುತ್ತಿದ್ದಾರೆ. ಮೂರಕ್ಕೂ ಹೆಸರು ಒಂದೇ. ಹಾಗಾಗಿ ಯಾವ ಕೋಶ, ಅದು ದೇಹದಲ್ಲಿ ಎಲ್ಲಿಗೆ ಹೋಗುತ್ತದೆ, ಅಲ್ಲಿ ಹೋಗಿ ಏನಾಗುತ್ತದೆ ಅಂತ ಕೇಳಬೇಕು. ಇದನ್ನು ಕೇಳಲು ಕಲಿತರೆ ಅರ್ಧ ಗೊಂದಲ ಅಲ್ಲೇ ಬಗೆಹರಿಯುತ್ತದೆ.

ಮೊದಲು ಮಯೆಲಿನ್ ಅಂದರೆ ಏನು ಅಂತ ನೋಡೋಣ. ಮಿದುಳಿನ ನರಕೋಶದಿಂದ ಉದ್ದನೆಯ ಎಳೆ ಹೊರಡುತ್ತದೆ. ಆ ಎಳೆಯ ಸುತ್ತ ಕೊಬ್ಬು ಮತ್ತು ಪ್ರೋಟೀನಿನ ಪೊರೆ ಹಲವು ಸುತ್ತು ಸುತ್ತಿಕೊಂಡಿರುತ್ತದೆ. ಅದೇ ಮಯೆಲಿನ್. ಅದರ ಒಣ ತೂಕದಲ್ಲಿ ನೂರಕ್ಕೆ ಸುಮಾರು 70 ಭಾಗ ಕೊಬ್ಬೇ. ಮಿದುಳಿನ ಒಳಗೆ ಬಿಳಿಯಾಗಿ ಕಾಣುವ ಭಾಗ ಬಿಳಿಯಾಗಿರುವುದೂ ಇದರಿಂದಲೇ. ಪೊರೆ ಎಳೆಯ ಉದ್ದಕ್ಕೂ ಒಂದೇ ಸಮನೆ ಇರುವುದಿಲ್ಲ. ನಡುನಡುವೆ ಸಣ್ಣ ಖಾಲಿ ಜಾಗ ಬಿಟ್ಟಿರುತ್ತದೆ. ನರದ ಸಂಕೇತ ಒಂದು ಖಾಲಿ ಜಾಗದಿಂದ ಮುಂದಿನದಕ್ಕೆ ಜಿಗಿಯುತ್ತಾ ಸಾಗುತ್ತದೆ. ಕಲಬುರಗಿಯಿಂದ ವಾಡಿ ಕಡೆಗೆ ಹೋಗುವ ಪ್ಯಾಸೆಂಜರ್ ರೈಲು ಪ್ರತಿ ಸಣ್ಣ ಸ್ಟೇಷನ್ನಿನಲ್ಲೂ ನಿಲ್ಲುತ್ತದೆ, ಎಕ್ಸ್‌ಪ್ರೆಸ್ ಅವನ್ನೆಲ್ಲ ಬಿಟ್ಟು ಹೋಗುತ್ತದೆ ಅಲ್ವಾ? ಅದೇ ವ್ಯತ್ಯಾಸ ಇದು. ಮಯೆಲಿನ್ ಇಲ್ಲದ ತೆಳು ಎಳೆಯಲ್ಲಿ ಸಂಕೇತ ಸೆಕೆಂಡಿಗೆ ಸುಮಾರು 1 ಮೀಟರ್ ಹೋಗುತ್ತದೆ. ಮಯೆಲಿನ್ ಇರುವ ದಪ್ಪ ಎಳೆಯಲ್ಲಿ 100 ಮೀಟರ್ ದಾಟುತ್ತದೆ.

ಮಿದುಳಿನಲ್ಲಿ ಈ ಪೊರೆ ಕಟ್ಟುವ ಕೋಶದ ಹೆಸರು ಆಲಿಗೋಡೆಂಡ್ರೋಸೈಟ್. ಹೆಸರು ಉದ್ದ, ಆದರೆ ಇವತ್ತಿನ ಕತೆಯ ನಾಯಕ ಅದೇ. ಇಂಥ ಒಂದು ಕೋಶ ಹತ್ತಾರು ಎಳೆಗಳಿಗೆ ಪೊರೆ ಕಟ್ಟಬಲ್ಲದು. ಎಳೆಗೆ ಬೇಕಾದ ಪೋಷಣೆಯನ್ನೂ ಅದು ಕೊಡುತ್ತದೆ. ಈ ಎರಡನೇ ಕೆಲಸ ಬಹಳ ಮುಖ್ಯ. ಪೊರೆ ಹೋದ ತಕ್ಷಣ ನರದ ಎಳೆ ಸಾಯುವುದಿಲ್ಲ. ಸಂಕೇತ ನಿಧಾನವಾಗುತ್ತದೆ, ತಡವರಿಸುತ್ತದೆ. ಆದರೆ ಬಹಳ ಕಾಲ ಹಾಗೇ ಬೆತ್ತಲೆಯಾಗಿ ಉಳಿದರೆ ಎಳೆಯೇ ಒಣಗಿ ಹೋಗುತ್ತದೆ. ಎಳೆ ಸತ್ತ ಮೇಲೆ ಎಂಥ ಒಳ್ಳೆಯ ಕೋಶ ತಂದು ಹಾಕಿದರೂ ಅದು ಪೊರೆ ಕಟ್ಟುವುದು ಯಾವುದಕ್ಕೆ? ಮಯೆಲಿನ್ ಕಾಯಿಲೆಗಳಲ್ಲಿ ತಡ ಮಾಡಬಾರದು ಅಂತ ನಾವು ಒತ್ತಿ ಹೇಳುವುದು ಇದಕ್ಕೇ.

ನಮ್ಮೂರಿನ ಬಿಸಿಲಿಗೂ ಇದಕ್ಕೂ ಸಂಬಂಧ ಇದೆ. ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂ.ಎಸ್., ಇರುವವರಲ್ಲಿ ದೇಹದ ರಕ್ಷಣೆಗೆ ಇರುವ ಕೋಶಗಳೇ ಮಯೆಲಿನ್ ಮೇಲೆ ದಾಳಿ ಮಾಡುತ್ತವೆ. ಪೊರೆ ಹೋದ ನರಕ್ಕೆ ಶಾಖ ತಡೆಯುವುದಿಲ್ಲ. ಮೈಯ ಉಷ್ಣತೆ ಅರ್ಧ ಡಿಗ್ರಿ ಏರಿದರೂ ಸಾಕು, ಸಂಕೇತ ಅಲ್ಲೇ ನಿಂತುಹೋಗಬಹುದು. ವಿಲ್‌ಹೆಲ್ಮ್ ಊಟಾಫ್ ಎಂಬ ಜರ್ಮನಿಯ ಕಣ್ಣಿನ ವೈದ್ಯರು 1890ರಲ್ಲೇ ಇದನ್ನು ಬರೆದಿಟ್ಟಿದ್ದಾರೆ. ಕಲಬುರಗಿಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 42, 43 ಡಿಗ್ರಿ ಆಗುತ್ತದೆ. ಮಧ್ಯಾಹ್ನ ಸಂತೆಗೆ ಹೋಗಿ ಬಂದ ಎಂ.ಎಸ್. ರೋಗಿಗೆ ಕಣ್ಣು ಮಂಜಾಗುತ್ತದೆ, ಕಾಲು ಎಳೆಯುತ್ತದೆ. ರೋಗ ಮತ್ತೆ ಬಂತು ಅಂತ ಮನೆಯವರು ಗಾಬರಿಯಾಗುತ್ತಾರೆ. ಇದು ಹೊಸ ಹಾನಿ ಅಲ್ಲ. ತಣ್ಣೀರಿನ ಬಟ್ಟೆ, ಕೂಲರ್, ನೆರಳಿನಲ್ಲಿ ವಿಶ್ರಾಂತಿ ಸಿಕ್ಕರೆ ಇಳಿಯುತ್ತದೆ. ಇಡೀ ದಿನ ಕಳೆದರೂ ಇಳಿಯದಿದ್ದರೆ, ಅಥವಾ ಜ್ವರ ಇದ್ದರೆ, ವೈದ್ಯರಿಗೆ ತೋರಿಸಿ.

ಈಗ ಮಿದುಳಿನ ಒಳಗೇ ನಡೆಯುವ ರಿಪೇರಿ. ಮಯೆಲಿನ್ ಒಮ್ಮೆ ಹೋದರೆ ಮುಗಿಯಿತು ಅಂತ ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. ದೊಡ್ಡವರ ಮಿದುಳಿನಲ್ಲೂ ಎಳೆಯ, ಅಂದರೆ ಇನ್ನೂ ಬಲಿಯದ, ಕೋಶಗಳು ಹರಡಿಕೊಂಡಿರುತ್ತವೆ. ಎಲ್ಲೋ ಮಯೆಲಿನ್ ಹಾಳಾದರೆ ಅವು ಅಲ್ಲಿಗೆ ಸರಿದು ಹೋಗಿ, ಬಲಿತು, ಆಲಿಗೋಡೆಂಡ್ರೋಸೈಟ್ ಆಗಿ, ಹೊಸ ಪೊರೆ ಕಟ್ಟುತ್ತವೆ. ಎಂ.ಎಸ್. ರೋಗಿಗಳಲ್ಲೂ ಇದು ನಡೆಯುತ್ತದೆ. ಹೊಸ ಪೊರೆ ಮೊದಲಿಗಿಂತ ತೆಳ್ಳಗಿರುತ್ತದೆ, ಆದರೂ ಕೆಲಸ ಮಾಡುತ್ತದೆ. ವಯಸ್ಸಾದ ಹಾಗೆ ಮಾತ್ರ ಈ ಶಕ್ತಿ ಕುಗ್ಗುತ್ತದೆ.

ಹಾಗಾದರೆ ರಿಪೇರಿ ನಿಲ್ಲುವುದು ಯಾಕೆ? ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇಲ್ಲೇ ಇದೆ. ಎಂ.ಎಸ್. ರೋಗಿಗಳ ಮಿದುಳಿನ ಗಾಯಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಒಂದು ಸಂಗತಿ ಗೊತ್ತಾಯಿತು. ಹಲವು ಗಾಯಗಳಲ್ಲಿ ಎಳೆಯ ಕೋಶಗಳು ಇದ್ದೇ ಇದ್ದವು. ಬಂದಿದ್ದವು, ಆದರೆ ಬಲಿತಿರಲಿಲ್ಲ. ಸುತ್ತಲಿನ ಉರಿಯೂತ, ಗಾಯದ ಕಲೆ, ವಯಸ್ಸು ಎಲ್ಲ ಸೇರಿ ಅವನ್ನು ಅರ್ಧದಲ್ಲೇ ನಿಲ್ಲಿಸಿದ್ದವು. ಅಂಥ ಜಾಗಕ್ಕೆ ಹೊರಗಿನಿಂದ ಇನ್ನಷ್ಟು ಕೋಶ ತಂದು ಹಾಕಿದರೆ ಅವೂ ಅಲ್ಲೇ ಸಿಕ್ಕಿಕೊಳ್ಳಬಹುದು. ಅಂದರೆ ಎಂ.ಎಸ್.ನಲ್ಲಿ ಕೋಶದ ಕೊರತೆಗಿಂತ ಕೋಶ ಬೆಳೆಯಲು ಬಿಡದ ಪರಿಸರವೇ ದೊಡ್ಡ ಸಮಸ್ಯೆ.

ಇನ್ನೊಂದು ಬಗೆಯ ಕಾಯಿಲೆಯಲ್ಲಿ ಕತೆ ಪೂರ್ತಿ ಉಲ್ಟಾ. ಪೆಲಿಜೇಯಸ್-ಮರ್ಜ್‌ಬಾಕರ್ ಅಂತ ಒಂದು ಅಪರೂಪದ ಕಾಯಿಲೆ ಇದೆ, ಸಾಮಾನ್ಯವಾಗಿ ಗಂಡುಮಕ್ಕಳಿಗೆ ಬರುತ್ತದೆ. ಮಯೆಲಿನ್ನಿನ ಮುಖ್ಯ ಪ್ರೋಟೀನ್ ಒಂದರ ಜೀನ್ ಕೆಟ್ಟಿರುತ್ತದೆ. ಮಗುವಿನ ಸ್ವಂತ ಕೋಶಗಳಿಗೆ ಸರಿಯಾದ ಪೊರೆ ಕಟ್ಟಲು ಬರುವುದೇ ಇಲ್ಲ. ಇಲ್ಲಿ ಬೇರೆಯವರ ಆರೋಗ್ಯವಂತ ಕೋಶ ಹಾಕುವುದಕ್ಕೆ ಅರ್ಥ ಇದೆ.

ಇದು ಸಾಧ್ಯ ಅಂತ ಇಲಿಗಳಲ್ಲಿ ಚೆನ್ನಾಗಿ ಗೊತ್ತಾಗಿದೆ. ಹುಟ್ಟಿನಿಂದಲೇ ಮಯೆಲಿನ್ ಇಲ್ಲದ, ಯಾವಾಗಲೂ ನಡುಗುವ ಒಂದು ಜಾತಿಯ ಇಲಿಗಳಿವೆ. ಕೆಲವೇ ತಿಂಗಳಲ್ಲಿ ಅವು ಸಾಯುತ್ತವೆ. ಅಮೆರಿಕದ ಸ್ಟೀವನ್ ಗೋಲ್ಡ್‌ಮನ್ ಅವರ ತಂಡ ಇಂಥ ಇಲಿ ಮರಿಗಳ ಮಿದುಳಿಗೆ ಮನುಷ್ಯರ ಎಳೆಯ ಗ್ಲಿಯಾ ಕೋಶಗಳನ್ನು (ನರಕೋಶಗಳಿಗೆ ಆಸರೆಯಾಗುವ ಕೋಶಗಳು) ಹಾಕಿ 2008ರಲ್ಲಿ ಫಲಿತಾಂಶ ಪ್ರಕಟಿಸಿತು. ಕೋಶಗಳು ಇಡೀ ಮಿದುಳು, ಮಿದುಳುಬಳ್ಳಿಯ ತನಕ ಹರಡಿ ಮಯೆಲಿನ್ ಕಟ್ಟಿದವು. ಎಲ್ಲ ಇಲಿಗಳೂ ಉಳಿಯಲಿಲ್ಲ. ಉಳಿದ ಕೆಲವು ಒಂದು ವರ್ಷ ದಾಟಿ ಬದುಕಿದವು. ಆ ವರದಿ ಓದಿದಾಗ ನನಗಾದ ಸಂತೋಷ ಇವತ್ತಿಗೂ ಕಡಿಮೆಯಾಗಿಲ್ಲ. ಆದರೆ ಇಲಿಯ ಮಿದುಳಿನ ತೂಕ ಅರ್ಧ ಗ್ರಾಂ ಕೂಡ ಇಲ್ಲ. ನಮ್ಮದು ಸುಮಾರು 1,300 ಗ್ರಾಂ. ಕೋಶಗಳು ಅಷ್ಟು ದೂರ ಹರಡಬೇಕು.

ಮನುಷ್ಯರಲ್ಲಿ ಮೊದಲ ಹೆಜ್ಜೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇಟ್ಟರು. ಈಗ ಹೇಳಿದ ಕಾಯಿಲೆಯ ನಾಲ್ಕು ಪುಟ್ಟ ಗಂಡುಮಕ್ಕಳ ಮಿದುಳಿಗೆ, ಆಪರೇಷನ್ ಮಾಡಿ, ನರ ಸ್ಟೆಮ್ ಸೆಲ್ ಹಾಕಿದರು. ಹೊರಗಿನ ಕೋಶಗಳನ್ನು ದೇಹ ತಿರಸ್ಕರಿಸದಿರಲಿ ಅಂತ ಒಂಬತ್ತು ತಿಂಗಳು ಔಷಧಿ ಕೊಟ್ಟರು. 2012ರಲ್ಲಿ ವರದಿ ಬಂತು. ಕೋಶ ಹಾಕಿದ ಜಾಗದಲ್ಲಿ ಹೊಸ ಮಯೆಲಿನ್ ಬಂದಿರಬಹುದು ಅನ್ನುವ ಬದಲಾವಣೆ ಎಂ.ಆರ್.ಐ.ನಲ್ಲಿ ಕಂಡಿತು. ಮೂವರಲ್ಲಿ ಸಣ್ಣ ಸುಧಾರಣೆ, ಒಬ್ಬನಲ್ಲಿ ಇದ್ದ ಸ್ಥಿತಿಯೇ ಮುಂದುವರಿಯಿತು. ನಾಲ್ಕೇ ಮಕ್ಕಳು, ಹೋಲಿಸಿ ನೋಡಲು ಬೇರೆ ಗುಂಪಿಲ್ಲ. ಹಾಗಾಗಿ ಅದನ್ನು ಗೆಲುವು ಅಂತ ಕರೆಯಲು ಬರುವುದಿಲ್ಲ. ಇದನ್ನು ಮಾಡಬಹುದು, ತಕ್ಷಣದ ದೊಡ್ಡ ಅಪಾಯ ಕಾಣಲಿಲ್ಲ ಅಂತಷ್ಟೇ ಗೊತ್ತಾಯಿತು. ಕೋಶ ತಯಾರಿಸುತ್ತಿದ್ದ ಕಂಪನಿ 2016ರಲ್ಲಿ ಮುಚ್ಚಲು ಹೊರಟಿತು. ಅಪರೂಪದ ಕಾಯಿಲೆಗಳಲ್ಲಿ ವಿಜ್ಞಾನ ಮುಂದೆ ಹೋಗಲು ಸಿದ್ಧವಿದ್ದರೂ ದುಡ್ಡು ಸಿಗದೆ ಕೆಲಸ ನಿಂತುಹೋಗುತ್ತದೆ, ಇದು ನನಗೆ ಬಹಳ ನೋವಿನ ಸಂಗತಿ.

ಎಂ.ಎಸ್.ನಲ್ಲೂ ಪ್ರಯತ್ನ ನಡೆದಿದೆ. 2023ರಲ್ಲಿ ಇಟಲಿಯ ಎರಡು ತಂಡಗಳು ನರ ಸ್ಟೆಮ್ ಸೆಲ್ ಬಳಸಿದ ವರದಿ ಪ್ರಕಟಿಸಿದವು, ಒಂದರಲ್ಲಿ 12 ರೋಗಿಗಳು, ಇನ್ನೊಂದರಲ್ಲಿ 15. ಎರಡೂ ಮುಖ್ಯವಾಗಿ ಸುರಕ್ಷತೆ ನೋಡುವ ಪ್ರಯೋಗಗಳು. ಅಷ್ಟರಿಂದ ಚಿಕಿತ್ಸೆ ಸಿಕ್ಕಿತು ಅನ್ನುವ ಹಾಗಿಲ್ಲ.

ಈಗ ರಕ್ತದ ಸ್ಟೆಮ್ ಸೆಲ್‌ಗೆ ಬರುತ್ತೇನೆ. ಬೋನ್ ಮ್ಯಾರೋ ಕಸಿ ಅಂತ ನೀವು ಕೇಳಿರುವುದು ಇದೇ. ಭಾರತದಲ್ಲಿ 1983ರಲ್ಲೇ ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ ಇದು ಶುರುವಾಯಿತು. ಇದು ಮಯೆಲಿನ್ ಕಟ್ಟುವ ಕೋಶ ಅಲ್ಲ. ರಕ್ತದ ಕೋಶಗಳನ್ನು, ರಕ್ಷಣೆಯ ಕೋಶಗಳನ್ನು ಕೊಡುವ ಮೂಲ ಇದು. ಹಾಗಾದರೆ ಮಯೆಲಿನ್ ಕಾಯಿಲೆಗೆ ಇದರಿಂದ ಏನು ಉಪಯೋಗ?

ಎಂ.ಎಸ್.ನಲ್ಲಿ ರೋಗಿಯದೇ ಸ್ಟೆಮ್ ಸೆಲ್ ತೆಗೆದಿಟ್ಟು, ದಾಳಿ ಮಾಡುವ ರಕ್ಷಣಾ ಕೋಶಗಳನ್ನು ಕಿಮೋಥೆರಪಿಯಿಂದ ಅಳಿಸಿ, ತೆಗೆದಿಟ್ಟಿದ್ದನ್ನು ವಾಪಸ್ ಕೊಡುತ್ತಾರೆ. ಮರುಕಳಿಸುವ ಬಗೆಯ ಎಂ.ಎಸ್. ಇದ್ದ 110 ರೋಗಿಗಳ ಒಂದು ಪ್ರಯೋಗದ ಫಲಿತಾಂಶ 2019ರಲ್ಲಿ ಬಂತು. ಕಸಿ ಮಾಡಿಸಿಕೊಂಡ ಗುಂಪಿನಲ್ಲಿ 3 ಜನರಿಗೆ, ಔಷಧಿ ತೆಗೆದುಕೊಂಡ ಗುಂಪಿನಲ್ಲಿ 34 ಜನರಿಗೆ ಕಾಯಿಲೆ ಹೆಚ್ಚಾಯಿತು. ಇದು ದೊಡ್ಡ ವ್ಯತ್ಯಾಸ. ಆದರೆ ಇಲ್ಲಿ ಆಗಿದ್ದು ದಾಳಿ ನಿಲ್ಲಿಸುವ ಕೆಲಸ. ದಾಳಿ ನಿಂತರೆ ಮಿದುಳಿಗೆ ತನ್ನ ರಿಪೇರಿ ತಾನೇ ಮಾಡಿಕೊಳ್ಳಲು ಅವಕಾಶ ಸಿಗುತ್ತದೆ. ಹತ್ತು ವರ್ಷದಿಂದ ಗಾಲಿ ಕುರ್ಚಿಯಲ್ಲಿರುವವರು ಇದರಿಂದ ಎದ್ದು ನಡೆಯುವುದಿಲ್ಲ. ಕಿಮೋಥೆರಪಿಯಿಂದ ಸೋಂಕು ಬರಬಹುದು, ಮಕ್ಕಳಾಗುವ ಶಕ್ತಿ ಹೋಗಬಹುದು. ವಯಸ್ಸು ಚಿಕ್ಕದಿದ್ದು, ಕಾಯಿಲೆ ಜೋರಾಗಿದ್ದು, ಒಳ್ಳೆಯ ಔಷಧಿಗೂ ಬಗ್ಗದವರಿಗೆ ಮಾತ್ರ ಇದನ್ನು ಯೋಚಿಸಬೇಕು.

ಮಕ್ಕಳಲ್ಲಿ ಅಡ್ರಿನೋಲ್ಯೂಕೋಡಿಸ್ಟ್ರೊಫಿ ಅಂತ ಒಂದು ಕಾಯಿಲೆ, ಚಿಕ್ಕದಾಗಿ ಎ.ಎಲ್.ಡಿ. ಇಲ್ಲಿ ಒಂದು ಬಗೆಯ ಉದ್ದನೆಯ ಕೊಬ್ಬಿನ ಆಮ್ಲ ದೇಹದಲ್ಲಿ ಕೂಡುತ್ತಾ ಹೋಗುತ್ತದೆ. ನಾಲ್ಕರಿಂದ ಹತ್ತು ವರ್ಷದ ಒಳಗಿನ ಕೆಲವು ಗಂಡುಮಕ್ಕಳಲ್ಲಿ ಮಯೆಲಿನ್ ಇದ್ದಕ್ಕಿದ್ದ ಹಾಗೆ ಸುಡಲು ಶುರುವಾಗುತ್ತದೆ. ಚೆನ್ನಾಗಿ ಓದುತ್ತಿದ್ದ ಹುಡುಗ ಹಿಂದೆ ಬೀಳುತ್ತಾನೆ. ಕರೆದರೆ ಕೇಳಿಸದವನ ಹಾಗೆ ಇರುತ್ತಾನೆ. ಶಾಲೆಯಲ್ಲಿ ತುಂಟ ಅಂತ ಹೊಡೆಯುತ್ತಾರೆ. ಕೆಲವರಲ್ಲಿ ಮೊದಲೇ ಚರ್ಮ ಕಪ್ಪಾಗುತ್ತದೆ, ಪದೇ ಪದೇ ವಾಂತಿ, ಸುಸ್ತು ಬರುತ್ತದೆ. ಬಿಸಿಲಿಗೆ ಕಪ್ಪಾಗಿದ್ದಾನೆ ಅಂತ ಬಿಟ್ಟುಬಿಡುತ್ತಾರೆ. ಈ ಮಗುವಿಗೆ ಕಾಯಿಲೆಯ ಆರಂಭದಲ್ಲೇ ಹೊಂದುವ ದಾನಿಯ ರಕ್ತದ ಸ್ಟೆಮ್ ಸೆಲ್ ಕಸಿ ಮಾಡಿದರೆ ಜೀವ ಉಳಿಯುತ್ತದೆ. 1990ರಲ್ಲಿ ಫ್ರಾನ್ಸಿನಿಂದ ಮೊದಲ ಯಶಸ್ಸಿನ ವರದಿ ಬಂತು. ಕಸಿಯ ಕೋಶಗಳಿಂದ ಬಂದ ಕೆಲವು ಕೋಶಗಳು ಮಿದುಳಿಗೆ ಹೋಗಿ ನೆಲೆಸುತ್ತವೆ. ಅವು ಕೆಲಸ ಶುರುಮಾಡಿ ಕಾಯಿಲೆ ನಿಲ್ಲಲು ತಿಂಗಳುಗಳೇ ಹಿಡಿಯುತ್ತವೆ. ಅಷ್ಟರಲ್ಲಿ ಕಾಯಿಲೆ ಮುಂದೆ ಹೋಗುತ್ತಲೇ ಇರುತ್ತದೆ. ಹಾಗಾಗಿ ತಡವಾಗಿ ಮಾಡಿಸಿದರೆ ಏನೂ ಸಿಗುವುದಿಲ್ಲ.

ನಮ್ಮ ಕಡೆ ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವುದು ಇನ್ನೂ ಇದೆ. ಎ.ಎಲ್.ಡಿ.ಗೂ ಅದಕ್ಕೂ ಸಂಬಂಧ ಇಲ್ಲ. ಆದರೆ ಮೆಟಾಕ್ರೊಮ್ಯಾಟಿಕ್ ಲ್ಯೂಕೋಡಿಸ್ಟ್ರೊಫಿ, ಕ್ರಾಬೆ ಎಂಬ, ಮಯೆಲಿನ್ ಹಾಳಾಗುವ ಕಾಯಿಲೆಗಳಿಗೆ ಸಂಬಂಧ ಇದೆ. ಹತ್ತಿರದ ಸಂಬಂಧಿಕರಲ್ಲಿ ಒಂದೇ ಕೆಟ್ಟ ಜೀನ್ ಇರುವ ಸಾಧ್ಯತೆ ಹೆಚ್ಚು. ಅಪ್ಪ ಅಮ್ಮ ಇಬ್ಬರಲ್ಲೂ ಅದೇ ಕೆಟ್ಟ ಜೀನ್ ಇದ್ದರೆ ಪ್ರತಿ ಹೆರಿಗೆಯಲ್ಲೂ ನಾಲ್ಕರಲ್ಲಿ ಒಂದು ಸಾಧ್ಯತೆ. ಮೆಟಾಕ್ರೊಮ್ಯಾಟಿಕ್ ಕಾಯಿಲೆಗೆ ಮಗುವಿನ ರಕ್ತದ ಸ್ಟೆಮ್ ಸೆಲ್‌ನಲ್ಲೇ ಸರಿಯಾದ ಜೀನ್ ಸೇರಿಸಿ ವಾಪಸ್ ಕೊಡುವ ಚಿಕಿತ್ಸೆಗೆ ಯುರೋಪಿನಲ್ಲಿ 2020ರಲ್ಲಿ, ಅಮೆರಿಕದಲ್ಲಿ 2024ರಲ್ಲಿ ಒಪ್ಪಿಗೆ ಸಿಕ್ಕಿದೆ. ಅಲ್ಲಿ ಅದರ ಬೆಲೆ 42.5 ಲಕ್ಷ ಡಾಲರ್. ಮನೆಯಲ್ಲಿ ಒಂದು ಮಗುವಿಗೆ ಇಂಥ ಕಾಯಿಲೆ ಬಂದಿದ್ದರೆ ಮುಂದಿನ ಮಗುವಿಗೆ ಮೊದಲು ಜೀನ್ ಸಲಹೆ ತೆಗೆದುಕೊಳ್ಳಿ. ಅದರ ಖರ್ಚು ಆ ಬೆಲೆಯ ಮುಂದೆ ಏನೇನೂ ಅಲ್ಲ.

ಇನ್ನು ಮೂರನೆಯದು, ಮಾರಾಟದ್ದು. ಸೊಂಟದ ಮೂಳೆಯಿಂದ ಅಥವಾ ಹೊಟ್ಟೆಯ ಕೊಬ್ಬಿನಿಂದ ಕೋಶ ತೆಗೆದು, ಅದೇ ದಿನ ಬೆನ್ನಿಗೆ ಚುಚ್ಚಿ, ಮಿದುಳು ಸರಿಹೋಗುತ್ತದೆ ಅನ್ನುತ್ತಾರೆ. ಈ ಕೋಶಗಳಿಂದ ಆಲಿಗೋಡೆಂಡ್ರೋಸೈಟ್ ಆಗುತ್ತದೆ ಅನ್ನುವುದಕ್ಕೆ ಮನುಷ್ಯರಲ್ಲಿ ಪುರಾವೆ ಇಲ್ಲ. ಬೋನ್ ಮ್ಯಾರೋದಿಂದ ತೆಗೆದು ಲ್ಯಾಬಿನಲ್ಲಿ ಬೆಳೆಸಿದ ಮೀಸೆಂಕೈಮಲ್ ಕೋಶಗಳನ್ನು (ಮೂಳೆ, ಕೊಬ್ಬಿನಂಥ ಅಂಗಾಂಶವಾಗಬಲ್ಲ ಮೂಲ ಕೋಶಗಳು) 144 ಎಂ.ಎಸ್. ರೋಗಿಗಳಲ್ಲಿ ಸರಿಯಾದ ಕ್ರಮದಲ್ಲಿ ಪರೀಕ್ಷಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಿದುಳಿನ ಹೊಸ ಗಾಯಗಳು ಕಡಿಮೆಯಾಗಲಿಲ್ಲ. ಅಪಾಯ ಇಲ್ಲವೇ ಅಂದರೆ, ಅದೂ ಇದೆ. ಬೇರೊಂದು ನರ ಕಾಯಿಲೆಯ ಹುಡುಗನೊಬ್ಬನಿಗೆ ವಿದೇಶದಲ್ಲಿ ಭ್ರೂಣದ ನರ ಸ್ಟೆಮ್ ಸೆಲ್ ಹಾಕಿದ್ದರು. ನಾಲ್ಕು ವರ್ಷದ ಮೇಲೆ ಅವನ ಮಿದುಳಿನಲ್ಲಿ ಗಡ್ಡೆ ಸಿಕ್ಕಿತು. ಪರೀಕ್ಷಿಸಿದರೆ ಆ ಗಡ್ಡೆ ಅವನ ಕೋಶದ್ದಲ್ಲ, ಹಾಕಿದ ಕೋಶದ್ದು. 2009ರಲ್ಲಿ ಇದು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಗಿದೆ.

ನಮ್ಮ ದೇಶದ ನಿಯಮ ಸ್ಪಷ್ಟವಾಗಿದೆ. ಐ.ಸಿ.ಎಂ.ಆರ್. (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮತ್ತು ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯ 2017ರ ಮಾರ್ಗಸೂಚಿಯ ಪ್ರಕಾರ, ಒಪ್ಪಿಗೆಯಾದ ಕಾಯಿಲೆಗಳಿಗೆ ಮಾಡುವ ರಕ್ತದ ಸ್ಟೆಮ್ ಸೆಲ್ ಕಸಿ ಬಿಟ್ಟರೆ ಉಳಿದಿದ್ದೆಲ್ಲ ಸಂಶೋಧನೆ. ಸಂಶೋಧನೆ ಅಂದ ಮೇಲೆ ರೋಗಿಯಿಂದ ದುಡ್ಡು ತೆಗೆದುಕೊಳ್ಳುವ ಹಾಗಿಲ್ಲ. ಲಕ್ಷಗಟ್ಟಲೆ ಕಟ್ಟಿ ಅಂದರೆ ಅಲ್ಲಿಂದ ಎದ್ದು ಬನ್ನಿ.

ದಾರಿ ಬಿಟ್ಟು ಒಂದು ಮಾತು. ನಡೆಯುವಾಗ ತೂರಾಟ, ಪಾದದಲ್ಲಿ ಜುಮುಜುಮು, ಮುಖ ತೊಳೆಯಲು ಕಣ್ಣು ಮುಚ್ಚಿದರೆ ಬೀಳುವ ಹಾಗಾಗುವುದು, ಇಷ್ಟಿದ್ದರೆ ಮೊದಲು ಬಿ12 ಪರೀಕ್ಷೆ ಮಾಡಿಸಿ. ಬಿ12 ಕಡಿಮೆಯಾದರೂ ಮಿದುಳುಬಳ್ಳಿಯ ಮಯೆಲಿನ್ ಹಾಳಾಗುತ್ತದೆ. ಪೂರ್ತಿ ಸಸ್ಯಾಹಾರಿಗಳು, ವರ್ಷಗಟ್ಟಲೆ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಅಥವಾ ಆಸಿಡಿಟಿ ಮಾತ್ರೆ ನುಂಗುವವರು ಗಮನಿಸಬೇಕು. ಇದಕ್ಕೆ ಕಡಿಮೆ ಬೆಲೆಯ ಇಂಜೆಕ್ಷನ್ ಇದೆ. ಬೇಗ ಹಾಕಿದರೆ ಮಯೆಲಿನ್ ಬಹಳ ಮಟ್ಟಿಗೆ ವಾಪಸ್ ಬರುತ್ತದೆ. ಸ್ಟೆಮ್ ಸೆಲ್ ವಿಡಿಯೊ ನೋಡುತ್ತಾ ಈ ಸಣ್ಣ ಪರೀಕ್ಷೆ ಬಿಟ್ಟುಬಿಡಬೇಡಿ ಅಂತ ಕೈ ಮುಗಿದು ಕೇಳುತ್ತೇನೆ.

ಪ್ರಶ್ನೆಗಳು

ಒಬ್ಬ ತಾಯಿ: ನನ್ನ ಮಗಳು ಏಳು ತಿಂಗಳಿಗೇ ಹುಟ್ಯಾಳ್ರಿ ಸರ. ಸೆರೆಬ್ರಲ್ ಪಾಲ್ಸಿ (ಎಳವೆಯಲ್ಲೇ ಮಿದುಳಿಗಾದ ಹಾನಿಯಿಂದ ಕೈಕಾಲು ಆಡಿಸಲು ಬರುವ ತೊಂದರೆ) ಅಂದಾರ. ಅಕಿಗೂ ಮಯೆಲಿನ್ನೇ ಕಮ್ಮಿ ಅದ ಏನ್ರಿ?

ಇರಬಹುದು ತಾಯಿ. ಗರ್ಭದ 23ರಿಂದ 32ನೇ ವಾರದ ಸಮಯದಲ್ಲಿ ಮಯೆಲಿನ್ ಕಟ್ಟಬೇಕಾದ ಎಳೆಯ ಕೋಶಗಳು ಬಹಳ ಸೂಕ್ಷ್ಮ. ಆಗ ಹುಟ್ಟಿದ ಮಗುವಿಗೆ ಉಸಿರಾಟದ ತೊಂದರೆ, ಸೋಂಕು ಆದರೆ ಅವು ಹಾಳಾಗುತ್ತವೆ. ನೀವು ಏನೋ ತಪ್ಪು ಮಾಡಿದ್ದಕ್ಕೆ ಹೀಗಾಯಿತು ಅಂತ ಅಂದುಕೊಳ್ಳಬೇಡಿ. ಈ ಕೋಶಗಳನ್ನು ಹೊರಗಿನಿಂದ ಹಾಕುವ ಚಿಕಿತ್ಸೆ ಇವತ್ತಿಗೆ ಇಲ್ಲ. ಫಿಸಿಯೊಥೆರಪಿ, ಮಾತಿನ ತರಬೇತಿ, ಸರಿಯಾದ ಬೂಟು ಮತ್ತು ಪಟ್ಟಿ, ಫಿಟ್ಸ್ ಇದ್ದರೆ ಅದರ ಮಾತ್ರೆ, ಇವನ್ನು ಬಿಡಬೇಡಿ. ಇಂಜೆಕ್ಷನ್ನಿಗೆ ಇಟ್ಟ ದುಡ್ಡನ್ನು ಇದಕ್ಕೆ ಹಾಕಿ.

ಒಬ್ಬ ಕಾಲೇಜು ವಿದ್ಯಾರ್ಥಿ: ಸರ್, ಪ್ರಯೋಗ ನಿಜವಾದದ್ದೋ ಅಲ್ಲವೋ ಅಂತ ಹೇಗೆ ಗೊತ್ತಾಗುತ್ತದೆ?

ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿ ಪಟ್ಟಿ ಇದೆ, ಸಿ.ಟಿ.ಆರ್.ಐ. ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ನೋಂದಣಿ ಸಂಖ್ಯೆ ಕೇಳಿ, ಅದರಲ್ಲಿ ಹುಡುಕಿ. ಆದರೆ ಪಟ್ಟಿಯಲ್ಲಿ ಇದೆ ಅಂದ ಮಾತ್ರಕ್ಕೆ ಚಿಕಿತ್ಸೆ ಒಳ್ಳೆಯದು ಅಂತಲ್ಲ. ನೈತಿಕ ಸಮಿತಿಯ ಒಪ್ಪಿಗೆ, ಔಷಧ ನಿಯಂತ್ರಕರ ಒಪ್ಪಿಗೆ ಎರಡನ್ನೂ ಕೇಳಬೇಕು. ಒಪ್ಪಿಗೆ ಪತ್ರ ಕನ್ನಡದಲ್ಲಿ ಕೊಡಿ ಅಂತ ಕೇಳುವ ಹಕ್ಕು ನಿಮಗಿದೆ. ನಿಮ್ಮಂಥ ಓದಿದ ಹುಡುಗರು ಇದನ್ನು ಊರಿನ ಹಿರಿಯರಿಗೆ ಹುಡುಕಿ ಕೊಟ್ಟರೆ ಬಹಳ ಉಪಕಾರ.

ಒಬ್ಬ ತಂದೆ: ನನ್ನ ದೊಡ್ಡ ಮಗಗ ಈ ಎ.ಎಲ್.ಡಿ. ಬಂದದ್ರಿ. ಭಾಳ ಮುಂದ ಹೋಗ್ಯದ, ಕಸಿ ಆಗಂಗಿಲ್ಲ ಅಂದಾರ. ಸಣ್ಣಾವ ಆರಾಮ ಆಡ್ಕೋತ ಅದಾನ್ರಿ. ಅವನಿಗೂ ತೋರಿಸಬೇಕೇನ್ರಿ?

ತೋರಿಸಬೇಕು. ನಾಳೆಯೇ ತೋರಿಸಿ. ಈ ಜೀನ್ ಸಾಮಾನ್ಯವಾಗಿ ತಾಯಿಯಿಂದ ಬರುತ್ತದೆ, ಪ್ರತಿ ಗಂಡು ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಇದಕ್ಕಾಗಿ ಆ ತಾಯಿಯನ್ನು ಮನೆಯಲ್ಲಿ ಯಾರೂ ಒಂದು ಮಾತೂ ಅನ್ನಬಾರದು. ತನ್ನಲ್ಲಿ ಇಂಥದ್ದು ಇದೆ ಅಂತ ಆಕೆಗೆ ಗೊತ್ತಿರಲು ಸಾಧ್ಯವೇ ಇರಲಿಲ್ಲ. ಚಿಕ್ಕವನಿಗೆ ಮೊದಲು ರಕ್ತದಲ್ಲಿ ಆ ಉದ್ದನೆಯ ಕೊಬ್ಬಿನ ಆಮ್ಲದ ಪರೀಕ್ಷೆ. ಅದರಲ್ಲಿ ಇದೆ ಅಂತ ಬಂದರೆ ಮೂರು ವರ್ಷದಿಂದ ಹನ್ನೆರಡು ವರ್ಷದ ತನಕ ಆರು ತಿಂಗಳಿಗೊಮ್ಮೆ ಎಂ.ಆರ್.ಐ. ಮಾಡಿಸಬೇಕು. ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯ ಪರೀಕ್ಷೆಯನ್ನೂ ಬಿಡಬಾರದು. ಎಂ.ಆರ್.ಐ.ನಲ್ಲಿ ಮೊದಲ ಗುರುತು ಕಂಡಾಗ ಅವನು ಇನ್ನೂ ಆಡಿಕೊಂಡೇ ಇರುತ್ತಾನೆ, ಕಸಿಗೆ ಸರಿಯಾದ ಸಮಯ ಅದೇ. ದಾನಿ ಹುಡುಕಲು ಈಗಿನಿಂದಲೇ ಹೆಸರು ಕೊಟ್ಟಿಡಿ. ಮನೆಯಲ್ಲಿ ಅಣ್ಣ ತಮ್ಮ, ಅಕ್ಕ ತಂಗಿ ಯಾರಿದ್ದಾರೆ ಅಂತ ಹೇಳಿ, ಹೊಂದುತ್ತದಾ ಅಂತ ನೋಡೋಣ. ಅವರಲ್ಲೂ ಈ ಜೀನ್ ಇದೆಯೇ ಅಂತ ಮೊದಲು ಪರೀಕ್ಷಿಸಬೇಕು. ಕಾರ್ಯಕ್ರಮ ಮುಗಿದ ಮೇಲೆ ನನ್ನನ್ನು ಕಾಣದೆ ಹೋಗಬೇಡಿ, ಎಲ್ಲಿಗೆ ಹೋಗಬೇಕು ಅಂತ ಚೀಟಿ ಬರೆದುಕೊಡುತ್ತೇನೆ. ನಿಮ್ಮ ಮನೆಯವರ, ಅಂದರೆ ಹೆಂಡತಿಯ, ಅಕ್ಕತಂಗಿಯರಿಗೆ ಗಂಡುಮಕ್ಕಳಿದ್ದರೆ ಅವರಿಗೂ ಇವತ್ತು ರಾತ್ರಿಯೇ ಫೋನ್ ಮಾಡಿ ತಿಳಿಸಿ.